ಕಪ್ಪಿನ್ಯಾಗ ಕುಂದ್ರೋ ಮರಿ ದೊಡ್ಡದಾದ್ರ ಎಷ್ಟಾಗ್ತೈತ್ರಿ?

ಪ್ರಶ್ನೆ: ಡಾಕ್ಟ್ರೇ, ನಾವು ಗದಗ-ಬೆಟಗೇರಿಯವರು. ಮಗಳು ಎರಡನೇ ಇಯತ್ತೆ, ಅಕಿ ಹಟಕ್ಕ ಒಂದು ಟೀಕಪ್ ಪಾಮೇರಿಯನ್ ಮರಿ ತಗೋಬೇಕಂತ ಮಾಡೇವಿ. ಹುಬ್ಬಳ್ಳ್ಯಾಗ ಒಬ್ಬರ ಕಡೆ ನೋಡಿ ಬಂದೇವಿ. ಎರಡು ತಿಂಗಳಿನ ಮರಿ, 700 ಗ್ರಾಂ ಐತಿ, ದೊಡ್ಡದಾದ್ರೂ 1.5 ಕಿಲೋ ದಾಟೂದಿಲ್ಲ ಅಂತ ಗ್ಯಾರಂಟಿ ಕೊಡ್ತಾರ, 35 ಸಾವಿರ ಕೇಳ್ತಾರ. ಆದ್ರ ನಮ್ಮ ಓಣ್ಯಾಗ ಒಬ್ಬರು ಹಿಂಗ ಟೀಕಪ್ ಅಂತ ತಂದದ್ದು ಈಗ 9 ಕಿಲೋ ಆಗೇತಿ. ನಾವು ಎರಡನೇ ಮಾಳಿಗಿ ಮ್ಯಾಲ ಬಾಡಗಿ ಅದೇವಿ, ಮಾಲಕರು ಸಣ್ಣ ನಾಯಿ ಆದ್ರ ಇಟ್ಕೋರಿ ಅಂದಾರ. ಮರಿ ಮುಂದ ಎಷ್ಟು ದೊಡ್ಡದಾಗ್ತೈತಿ ಅಂತ ಮೊದಲ ತಿಳಕೊಳ್ಳಾಕ ದಾರಿ ಐತೇನ್ರಿ?

ಉತ್ತರ: ನಮಸ್ಕಾರ್ರಿ ಅಕ್ಕಾರ. ರೊಕ್ಕ ಕೊಡೂಕಿಂತ ಮೊದಲ ಕೇಳಿದ್ರಲ್ಲ, ಭಾಳ ಚಲೋ ಮಾಡಿದ್ರಿ. ಹುಬ್ಬಳ್ಳ್ಯಾಗ ನನ್ನ ಕ್ಲಿನಿಕ್ಕಿಗೆ ಬರೋ ಮಂದಿ ಭಾಳಷ್ಟು ಈ ಪ್ರಶ್ನೆ ಕೇಳೂದು ಮರಿ ಮನಿಗೆ ಬಂದು ಆರು ತಿಂಗಳಾದ ಮ್ಯಾಲ, ಅದೂ "ಡಾಕ್ಟ್ರೇ ಇದು ಇನ್ನೂ ಬೆಳೀತೈತೇನ್ರಿ" ಅಂತ ಹೆದರಿಕೊಂತ.

ಸೀದಾ ಹೇಳ್ತೀನಿ. 1.5 ಕಿಲೋದ ಆ ಗ್ಯಾರಂಟಿ ನಂಬಬ್ಯಾಡ್ರಿ. ಅವರು ನಿಮಗ ಕೊಟ್ಟ ಲೆಕ್ಕದಾಗನ ಅದು ಕೂಡೂದಿಲ್ಲ. ಸಣ್ಣ ಜಾತಿ ನಾಯಿಗಳಿಗೆ ನಾವು ಒಂದು ಅಂದಾಜಿನ ಲೆಕ್ಕ ಹಿಡೀತೀವಿ, ಆರು ವಾರದಾಗ ಇರೋ ತೂಕಾ ನಾಲ್ಕ ಪಟ್ಟು, ಎಂಟು ವಾರದ ತೂಕಾ ಮೂರ ಪಟ್ಟು, ಹನ್ನೆರಡು ವಾರದ ತೂಕಾ ಎರಡ ಪಟ್ಟು, ನಾಲ್ಕು-ಮೂರು-ಎರಡು ಅಂತ ನೆನಪಿಟ್ಕೋರಿ. ನಿಮ್ಮ ಮರಿ ಖರೇನ ಎರಡು ತಿಂಗಳದ್ದಾಗಿದ್ರ 700 ಗ್ರಾಂ ಮೂರ ಪಟ್ಟು ಅಂದ್ರ 2.1 ಕಿಲೋ. ಒಂದ್ಯಾಳೆ ಅದು ಆರು ವಾರದ್ದು ಇದ್ದು ಎರಡು ತಿಂಗಳು ಅಂತ ಹೇಳ್ಯಾರಂದ್ರ 2.8 ಕಿಲೋ. ಐದು ವಾರದ್ದ ಇದ್ರ 3ರ ಮ್ಯಾಲನ ಹೋಗ್ತೈತಿ ಅಂತ ಹಿಡೀರಿ. ಯಾವ ಕಡೆಯಿಂದ ಎಣಿಸಿದ್ರೂ 1.5 ಬರೂದಿಲ್ಲ. ಈ ಲೆಕ್ಕ ಅರ್ಧ ಕಿಲೋ ಆಚಿಗೆ-ಈಚಿಗೆ ಆಗ್ತೈತಿ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ತಪ್ಪತೈತಿ, ಆದ್ರ ಒಂದು ವಿಷಯ ನೋಡ್ರಿ, ಲೆಕ್ಕದಾಗ ತೂಕದಷ್ಟ ಮಹತ್ವ ವಯಸ್ಸಿಗೂ ಐತಿ. ಒಂದು ವಾರ ಹಿಂದ ಮುಂದ ಆದ್ರ ಉತ್ತರನ ಬದಲಾಗ್ತೈತಿ. ಮೋಸ ನಡಿಯೂದೂ ಅಲ್ಲೇ, ಅದನ್ನ ಮುಂದ ಬಿಡಿಸಿ ಹೇಳ್ತೀನಿ.

ಮೊದಲ ಈ ಟೀಕಪ್ ಅನ್ನೋ ಶಬ್ದ ತಗೋಳ್ಳೂಣು. ಟೀಕಪ್ ಅಂತ ಒಂದು ಜಾತಿನ ಇಲ್ರಿ. ನಮ್ಮ ದೇಶದಾಗ ನಾಯಿ ಜಾತಿ ನೋಂದಣಿ ಮಾಡೋ ಕೆನಲ್ ಕ್ಲಬ್ ಆಫ್ ಇಂಡಿಯಾ (ಕೆಸಿಐ) ಚೆನ್ನೈದಾಗ ಐತಿ, ಅವರ ಪುಸ್ತಕದಾಗ ಟೀಕಪ್ ಇಲ್ಲ, ಅಮೆರಿಕಾ ಇಂಗ್ಲೆಂಡ್ ಕ್ಲಬ್ಬಿನ ಪುಸ್ತಕದಾಗೂ ಇಲ್ಲ. ಮೈಕ್ರೋ, ಪಾಕೆಟ್, ಮಿನಿ ಟಾಯ್, ಇಂಪೀರಿಯಲ್ ಶಿಟ್ಜು, ಇವೆಲ್ಲಾ ಮಾರೋ ಮಂದಿ ಇಟ್ಟ ಹೆಸರು. ಟಾಯ್ ಬ್ರೀಡ್ ಅನ್ನೂದು ಮಾತ್ರ ಖರೇ ಗುಂಪು, ಪಾಮೇರಿಯನ್, ಚಿವಾವಾ, ಯಾರ್ಕ್‌ಶೈರ್ ಟೆರಿಯರ್ (ಯಾರ್ಕಿ), ಮಾಲ್ಟೀಸ್, ಪಗ್ ಇವೆಲ್ಲಾ ಅದರಾಗ ಬರ್ತಾವ. ಪಾಮೇರಿಯನ್ನಿಗೆ ಅಮೆರಿಕನ್ ಕ್ಲಬ್ಬಿನವರು ಇಟ್ಟ ಅಳತಿ ಸುಮಾರು 1.4 ಕಿಲೋದಿಂದ 3.2 ಕಿಲೋ. ಇಂಗ್ಲೆಂಡಿನವರು ಗಂಡಿಗೆ 1.8ರಿಂದ 2, ಹೆಣ್ಣಿಗೆ 2ರಿಂದ 2.5 ಕಿಲೋ ಅಂತಾರ, ಅಂದ್ರ ಅವರ ಪ್ರಕಾರ ಹೆಣ್ಣ ನಾಯಿನ ಒಂದೀಟು ದಪ್ಪ ಇರಬೇಕು, ಮರಿ ಹೆರಬೇಕಲ್ರಿ ಅದು. ಇವು ಡಾಗ್ ಶೋಕ್ಕ ತಯಾರ ಮಾಡೋ ನಾಯಿಗಳ ಅಳತಿ. ಮನ್ಯಾಗ ಸಾಕೋ ಪಾಮ್‌ಗಳು, ಚಲೋ ರಕ್ತದವು ಇದ್ರೂ, 3ರಿಂದ 4 ಕಿಲೋ ತನಕಾ ಹೋಗಿದ್ದನ್ನ ನಾನು ಭಾಳ ಸಲ ತೂಗಿ ನೋಡೇನಿ, ಅದರಾಗ ಏನೂ ದೋಷ ಇಲ್ಲ.

ಇನ್ನ ನಿಮ್ಮ ಓಣ್ಯಾಗಿಂದ 9 ಕಿಲೋ ಆದದ್ದು. ಅದು ಪಾಮೇರಿಯನ್ ಅಲ್ಲ ಅಂತ ನೋಡದನ ಹೇಳ್ತೀನಿ, ಅದು ಇಂಡಿಯನ್ ಸ್ಪಿಟ್ಜ್ ಇರಬೇಕು ಇಲ್ಲಾ ಅದರ ಮಿಶ್ರ ಇರಬೇಕು. ನಮ್ಮ ಕಡೆ ಬಿಳೀ ಕೂದಲದ್ದು, ಬಾಲ ಬೆನ್ನ ಮ್ಯಾಲ ಸುತ್ತಿದ್ದು, ಚೂಪ ಮಾರಿದ್ದು, ಬಾಗಲಕ್ಕ ಯಾರಾರ ಬಂದ್ರ ಓಣಿ ಎಬ್ಬಿಸೋ ನಾಯಿ ಐತಲ್ಲ, ಧಾರವಾಡ ಸಪ್ತಾಪುರದಾಗ, ಹುಬ್ಬಳ್ಳಿ ವಿದ್ಯಾನಗರದಾಗ ಹಳೇ ಮನಿಗಳ ಕಂಪೌಂಡಿನ್ಯಾಗ ಎಷ್ಟೋ ವರ್ಷದಿಂದ ನಾವೆಲ್ಲಾ ಪಾಮೇರಿಯನ್ ಅಂತ ಕರಕೊಂತ ಬಂದದ್ದು, ಅದು ಇಂಡಿಯನ್ ಸ್ಪಿಟ್ಜ್. ಸಣ್ಣ ಸ್ಪಿಟ್ಜ್ 5ರಿಂದ 7 ಕಿಲೋ, ದೊಡ್ಡ ಸ್ಪಿಟ್ಜ್ 12ರಿಂದ 20 ಕಿಲೋ ತನಕಾ ಆಗ್ತೈತಿ. ನಾಯಿ ಭಾಳ ಚಲೋನ್ರಿ, ನಮ್ಮ ಬಿಸಿಲಿಗೂ ತಾಳ್ತೈತಿ, ಹುಷಾರಿ, ಆದ್ರ ಪಾಮೇರಿಯನ್ ರೇಟಿಗೆ ಕೊಂಡು ಪಾಮೇರಿಯನ್ ಸೈಜ್ ಆಗ್ತೈತಿ ಅಂತ ಕಾಯೋರಿಗೆ ಅದು ನಿರಾಸಿ. ಸಣ್ಣಿದ್ದಾಗ ಎರಡರ ಫರಕು ಗೊತ್ತಾಗೂದು ಕಷ್ಟ, ಎರಡೂ ಹತ್ತಿ ಉಂಡಿ ಇದ್ದಂಗ ಇರ್ತಾವ. ನೋಡೂದಾದ್ರ ಮಾರಿ ನೋಡ್ರಿ. ಪಾಮ್ ಮರಿದು ಮೂತಿ ಗಿಡ್ಡ, ತಲಿ ದುಂಡಗ, ಕಿವಿ ಸಣ್ಣವು, ಕೂದಲಾ ಮೈಗೆ ಅಂಟದ ನೆಟ್ಟಗ ಎದ್ದು ನಿಂತಿರ್ತಾವ. ಸ್ಪಿಟ್ಜ್ ಮರಿದು ಮೂತಿ ಉದ್ದ, ಕಿವಿ ದೊಡ್ಡವು, ಕಾಲು ಎತ್ತರ, ಕೂದಲಾ ಮೈಮ್ಯಾಲ ಮಲಗಿದಂಗ ಕಾಣ್ತಾವ. ಹಾಲಿನಂಥಾ ಬಿಳೀ ಮರಿ ತೋರಿಸಿ ಟೀಕಪ್ ಪಾಮ್ ಅಂದ್ರ ಇನ್ನೂ ಒಂದ ಸಲ ವಿಚಾರ ಮಾಡ್ರಿ, ಖರೇ ಪಾಮ್‌ನ್ಯಾಗ ಬಿಳಿ ಬಣ್ಣ ಕಡಿಮಿ, ಕಿತ್ತಳೆ, ಕ್ರೀಮ್, ಇವ ಹೆಚ್ಚು.

ಪಾಮೇರಿಯನ್ ಸೈಜ್ ಹಿಂಗ ಯಾಕ ಏರುಪೇರು ಆಗ್ತೈತಿ ಅಂತ ಕೇಳ್ತೀರಿ. ಈ ಜಾತಿ ಮೊದಲ ಸಣ್ಣದು ಇರಲೇ ಇಲ್ಲ. ಯುರೋಪಿನ ಥಂಡಿ ನಾಡಿನ ಸ್ಪಿಟ್ಜ್ ನಾಯಿಗಳಿಂದ ಬಂದದ್ದು, ನೂರೈವತ್ತು ವರ್ಷದ ಹಿಂದ 10 ಕಿಲೋ ಮ್ಯಾಲಿನ ಪಾಮೇರಿಯನ್ ಸಾಮಾನ್ಯ ಇದ್ವು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ 1888ರಾಗ ಇಟಲಿಯ ಫ್ಲಾರೆನ್ಸಿಗೆ ಹೋಗಿ ಮಾರ್ಕೊ ಅನ್ನೋ ಒಂದು ಸಣ್ಣ ಪಾಮ್ ತಂದ್ಲು, ಅದು ಎಲ್ಲಾರ ಕಣ್ಣಿಗೆ ಬಿದ್ದು ಆಮ್ಯಾಲ ಮಂದಿ ಸಣ್ಣವನ್ನ ಆರಿಸಿ ಆರಿಸಿ ಕೂಡಿಸಾಕ ಹತ್ತಿದ್ರು. ಆ ಮಾರ್ಕೊನ ತೂಕಾ ಎಷ್ಟಿತ್ತು ಗೊತ್ತೇನ್ರಿ, ಸುಮಾರು 5.4 ಕಿಲೋ! ಆಗಿನ ಕಾಲಕ್ಕ ಅದ ಸಣ್ಣದು. ಹಿಂಗಾಗಿ ಅಪ್ಪ ಅವ್ವ ಎರಡೂ 2 ಕಿಲೋ ಇದ್ರೂ ಹುಟ್ಟಿದ ಮರಿಗೆ ಅಜ್ಜ-ಮುತ್ತಜ್ಜನ ಮೈಕಟ್ಟು ಬಂದು 5 ಕಿಲೋ ಆಗೂದು ಇರ್ತೈತಿ, ಮೋಸ ಇಲ್ಲದನ ಇರ್ತೈತಿ. ನಾಯಿ ಮೈ ಸಣ್ಣ ಆಗಾಕ ಮುಖ್ಯ ಕಾರಣ ಐಜಿಎಫ್-1 ಅನ್ನೋ ಒಂದು ಜೀನು ಅಂತ 2007ರಾಗ ವಿಜ್ಞಾನಿಗಳು ತೋರಿಸಿದ್ರು, 2022ರಾಗ ಅದರ ಸಣ್ಣ ಮೈಯ ರೂಪ ಸೈಬೀರಿಯಾದ 54 ಸಾವಿರ ವರ್ಷ ಹಳೇ ತೋಳದ ಎಲುಬಿನ್ಯಾಗೂ ಸಿಕ್ತು. ಆದ್ರ ಅದೊಂದ ಅಲ್ಲ, ಇನ್ನೂ ಬ್ಯಾರೆ ಜೀನು ಅದಾವ, ಎಲ್ಲಾ ಕೂಡಿ ಮೈ ಕಟ್ಟತಾವ. ಒಂದ ಸೂಲಿನ ಮೂರು ಮರಿಗೆ ಮೂರು ಥರಾ ಹಂಚಿಕಿ ಆಗ್ತೈತಿ. ಅದಕ್ಕ ಇಷ್ಟ ಕಿಲೋ ಅಂತ ಒಂದ ನಂಬರ್ ಯಾರೂ ಹೇಳಾಕ ಬರೂದಿಲ್ಲ. ಇಷ್ಟರಿಂದ ಇಷ್ಟರೊಳಗ ಅಂತ ಮಾತ್ರ ಹೇಳಬಹುದು. ಹಂಗ ಹೇಳೋ ಬ್ರೀಡರ್ ಸಿಕ್ರ ಅವರನ್ನ ನಂಬ್ರಿ. ನಿಮಗ ಒಂದ ನಂಬರ್ ಬರದುಕೊಟ್ಟವರನ್ನ ನಂಬಬ್ಯಾಡ್ರಿ.

ಈಗ ವಯಸ್ಸಿನ ವಿಷಯಕ್ಕ ಬರೂಣು, ನಾನು ದಿನಾ ಕಾಣೋ ಸಂಕಟ ಇದ. ಟೀಕಪ್ ಮಾಡೋ ಎಲ್ಲಾಕಿಂತ ಅಗ್ಗದ ದಾರಿ ಅಂದ್ರ 35 ದಿನದ ಮರೀನ ಅವ್ವನಿಂದ ಬಿಡಿಸಿ 60 ದಿನದ್ದು ಅಂತ ಮಾರೂದು. ಒಂದು ಸಲ ಹಾವೇರಿ ಕಡೆಯಿಂದ ಗಂಡ ಹೆಂಡ್ತಿ ಬಂದ್ರು, ಶೂ ಡಬ್ಬಿ ಒಳಗ ಟವೆಲ್ ಹಾಸಿ ಮರಿ ಇಟ್ಕೊಂಡು ಬಂದಿದ್ರು, ಪಾಪ ಭಾಳ ಖುಷೀಲೆ ಇದ್ರು, ಎರಡು ತಿಂಗಳದ್ದು ನೋಡ್ರಿ ಎಷ್ಟು ಸಣ್ಣದೈತಿ ಅಂತ. ನಾನು ಕಿರಿಬೆರಳಿಲೆ ಅದರ ಕೆಳಗಿನ ತುಟಿ ಸರಿಸಿ ನೋಡಿದೆ. ಮುಂದಿನ ಹಲ್ಲು ಬಂದಿದ್ವು, ಕೋರಿ ಹಲ್ಲು ಬಂದಿದ್ವು, ಅದರ ಹಿಂದ ದವಡಿ ಮ್ಯಾಲ ಎಳ್ಳಿನ ಕಾಳಿನಷ್ಟು ಬೆಳ್ಳಗ ಎರಡು ತುದಿ, ಆಗಷ್ಟ ವಸಡು ಸೀಳಿ ಬರಾಕತ್ತಿದ್ವು, ಅದರಾಚೆ ಬರೇ ಗುಲಾಬಿ ವಸಡು. ಕಣ್ಣಾಗ ಇನ್ನೂ ನೀಲಿ ಮಬ್ಬು ಹೋಗಿರಲಿಲ್ಲ. ಕಟ್ಟಿ ಮ್ಯಾಲ ಬಿಟ್ರ ಹಿಂದಿನ ಕಾಲು ಎರಡೂ ಕಡೆ ಜಾರತಿದ್ವು. ಅದು ಐದು ವಾರದ ಮರಿ, ಅವ್ವನ ಮೊಲಿ ಬಾಯಾಗ ಇರಬೇಕಾದದ್ದು.

ನೀವೂ ಹಿಂಗ ನೋಡಬಹುದು. ಮರಿಗೆ ಹಾಲಹಲ್ಲು ಒಟ್ಟು 28. ಮುಂದಿನವು ಮೂರರಿಂದ ಐದು ವಾರದಾಗ ಬರ್ತಾವ, ದವಡಿ ಹಲ್ಲು ನಾಲ್ಕರಿಂದ ಆರು ವಾರದಾಗ ಶುರು ಆಗಿ ಎಂಟು ವಾರಕ್ಕ ಸಾಮಾನ್ಯ ಎಲ್ಲಾ ಬಂದಿರ್ತಾವ. ಟಾಯ್ ಜಾತ್ಯಾಗ ಒಂದೆರಡು ವಾರ ತಡಾನೂ ಆಗ್ತೈತಿ, ಅದಕ್ಕ ಬರೇ ಹಲ್ಲು ನೋಡಿ ಜಗಳಾ ತಗೀಬ್ಯಾಡ್ರಿ, ಆದ್ರ ಎರಡು ತಿಂಗಳು ಅಂದ ಮರಿಗೆ ದವಡಿ ಹಲ್ಲ ಇಲ್ಲಂದ್ರ ಅಲ್ಲಿಂದ ಎದ್ದು ಬರ್ರಿ. ನಾಯಿ ಸಾಕಿ ಮಾರೋರಿಗೆ 2017ರಿಂದ ಕೇಂದ್ರ ಸರ್ಕಾರದ ನಿಯಮ ಅದಾವ, ಎಂಟು ವಾರದ ಒಳಗಿನ ಮರಿ ಮಾರಬಾರದು, ಬ್ರೀಡರ್ ಅಂದವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳ್ಯಾಗ ನೋಂದಣಿ ಮಾಡ್ಸಿರಬೇಕು. ನೋಂದಣಿ ನಂಬರ್ ಕೇಳ್ರಿ, ಕೇಳೂದು ನಿಮ್ಮ ಹಕ್ಕು. ಲಸಿಕಿ ಕಾರ್ಡ್ ಕೊಡ್ತಾರಲ್ಲ, ಅದರಾಗ ಹುಟ್ಟಿದ ತಾರೀಖು, ಮೊದಲನೇ ಲಸಿಕಿ ಹಾಕಿದ ತಾರೀಖು, ಡಾಕ್ಟರ್ ಸಹಿ ಸಿಕ್ಕಾ ಎಲ್ಲಾ ಒಂದಕ್ಕೊಂದು ಕೂಡ್ತಾವೇನು ನೋಡ್ರಿ. ಒಂದ ಪೆನ್ನಿಲೆ ಒಂದ ಸಲಕ್ಕ ಎಲ್ಲಾ ತುಂಬಿದಂಗ ಇದ್ರ ನನಗಂತೂ ಸಂಶಯ ಬರ್ತೈತಿ.

ಅವ್ವನ್ನ ನೋಡದ ಮರಿ ತರಬ್ಯಾಡ್ರಿ. ಇದೊಂದು ಮಾತು ಮಾತ್ರ ಗಟ್ಟಿ ಹಿಡೀರಿ, ಉಳಿದದ್ದು ಮರತ್ರೂ ನಡೀತೈತಿ. ಫೋಟೋದಾಗ ಅಲ್ಲ, ವಿಡಿಯೋದಾಗ ಅಲ್ಲ, ಅವ್ವ ನಾಯಿ ಮರಿ ಜೋಡಿ ಇರೋದನ್ನ ಕಣ್ಣಾರೆ ನೋಡ್ಬೇಕು, ಸಾಧ್ಯ ಆದ್ರ ಎತ್ತಿ ತೂಗಿಸಬೇಕು. ಅಪ್ಪ ನಾಯಿ ಬ್ಯಾರೆ ಊರಾಗ ಇರಬಹುದು, ಅದರದ್ದು ತೂಕಾ, ಕಾಗದ ಕೇಳ್ರಿ. ಎರಡರ ತೂಕದ ನಡುವಿನ ಅಂದಾಜು ಹಿಡದು ಅದರ ಮ್ಯಾಲ ಒಂದು ಕಿಲೋ ಸೇರಿಸಿ ಇಟ್ಕೊಂಡ್ರ ಮುಂದ ನಿರಾಸಿ ಆಗೂದು ಕಡಿಮಿ. ಹಿಂದಿನ ಸೂಲಿನ ಮರಿಗಳು ಈಗ ಯಾರ ಮನ್ಯಾಗ ಅದಾವ, ಎಷ್ಟಾಗ್ಯಾವ ಅಂತನೂ ಕೇಳ್ರಿ, ಚಲೋ ಬ್ರೀಡರ್ ಹತ್ರ ಇದಕ್ಕ ಉತ್ತರ ಇರ್ತೈತಿ, ಯಾಕಂದ್ರ ಅವರು ಮರಿ ಕೊಟ್ಟ ಮ್ಯಾಲೂ ಫೋನ್ ಮಾಡ್ತಿರ್ತಾರ. ಅವ್ವ ನಾಯಿ 1.2 ಕಿಲೋ ಐತಿ ಅಂತ ಹೆಮ್ಮಿಲೆ ಹೇಳಿದ್ರ ಅದನ್ನ ಖುಷಿ ವಿಷಯ ಅಂತ ತಿಳೀಬ್ಯಾಡ್ರಿ. ಅಷ್ಟ ಸಣ್ಣ ನಾಯಿ ಹೊಟ್ಟಿಯಿಂದ ಮರಿ ತಲಿ ಹೊರಗ ಬರೂದ ಕಷ್ಟ, ಸಿಜೇರಿಯನ್ ಆಗ್ತೈತಿ, ಅವ್ವನೂ ಹೋಗಬಹುದು ಮರಿನೂ ಹೋಗಬಹುದು, ಬುದ್ಧಿ ಇದ್ದ ಬ್ರೀಡರ್ 2 ಕಿಲೋದೊಳಗಿನ ಹೆಣ್ಣನ್ನ ಸಾಮಾನ್ಯ ಬೆದೆಗೆ ಕೂಡಿಸೂದಿಲ್ಲ. ಕೂಡಿಸ್ಯಾರಂದ್ರ ಅವರಿಗೆ ನಾಯಿ ಜೀವಾ ಲೆಕ್ಕಕ್ಕಿಲ್ಲ, ಇಲ್ಲಾ ತೂಕಾ ಸುಳ್ಳು.

ಕೆಸಿಐ ಕಾಗದ ಐತಿ ಅಂತಾರ. ಇರ್ಲಿ, ಚಲೋನ. ಮರಿ ಯಾವ ಅಪ್ಪ-ಅವ್ವನಿಂದ ಬಂತು, ಜಾತಿ ಯಾವುದು ಅಂತ ಅದು ಹೇಳ್ತೈತಿ, ಸ್ಪಿಟ್ಜ್ ತಂದು ಪಾಮ್ ಅಂತ ಕೊಡೂದನ್ನ ಅದು ಸುಮಾರು ತಡೀತೈತಿ. ಮುಂದ ಎಷ್ಟು ಕಿಲೋ ಆಗ್ತೈತಿ ಅಂತ ಯಾವ ಕಾಗದದಾಗೂ ಇರೂದಿಲ್ಲ. ಮರಿ ಚರ್ಮದ ಕೆಳಗ ಇಡೋ ಮೈಕ್ರೋಚಿಪ್ಪಿನ ನಂಬರ್ ಕಾಗದಕ್ಕೂ ಮರಿಗೂ ಕೂಡ್ತೈತೇನು ಅಂತ ಸ್ಕ್ಯಾನ್ ಮಾಡಿಸಿ ನೋಡ್ರಿ, ಅಷ್ಟ.

ಇನ್ನ ಖರೇನ ಸಣ್ಣ ಉಳಿಯೋ ಮರಿಗಳ ಕಥಿ. ವಯಸ್ಸೂ ಖರೇ, ಜಾತಿನೂ ಖರೇ, ಆದ್ರ ಸೂಲಿನ್ಯಾಗ ಎಲ್ಲಾದ್ರಕಿಂತ ಸಣ್ಣದು, ಬಡಕಲು, ಎಂಟು ವಾರಕ್ಕ 350-400 ಗ್ರಾಂ. ಇಂಥಾದ್ದಕ್ಕ ರೇಟ್ ಜಾಸ್ತಿ ಹೇಳ್ತಾರ್ರಿ, ನನಗ ಹೊಟ್ಟಿ ಉರಿಯೂದು ಇಲ್ಲೇ. ಎರಡು ವರ್ಷದ ಹಿಂದ ರಾತ್ರಿ ಹನ್ನೊಂದರ ಮ್ಯಾಲ ಒಂದು ಮನಿಯವರು 400 ಗ್ರಾಂದ ಚಿವಾವಾ ಮರಿ ತಂದ್ರು, ಉಲನ್ ಟೊಪ್ಪಿಗಿ ಒಳಗ ಸುತ್ತಿದ್ರು, ಅದು ಅಂಗೈ ಮ್ಯಾಲ ಇಟ್ರ ಬೆರಳ ತನಕಾನೂ ಬರ್ತಿರಲಿಲ್ಲ. ತಲಿ ಹಿಂದಕ್ಕ ಬಾಗಿ ಫಿಟ್ಸ್ ಬಂದಂಗ ಆಗಿತ್ತು, ವಸಡು ಕಾಗದದಂಗ ಬೆಳ್ಳಗ, ಥರ್ಮಾಮೀಟರಿನ್ಯಾಗ ಅಳತಿನ ಬರದಷ್ಟು ಮೈ ತಣ್ಣಗ. ರಕ್ತದಾಗ ಸಕ್ಕರಿ ಕೆಳಗ ಹೋಗಿತ್ತು. ಮುಂಜಾನೆಯಿಂದ ಮೂರೇ ಸಲ ಉಂಡಿತ್ತು, ಮನ್ಯಾಗ ಏನೋ ಫಂಕ್ಷನ್, ಮರಿ ಮಲಗೇತಿ ಅಂತ ಬಿಟ್ಟಿದ್ರು. ಗ್ಲುಕೋಸ್ ಕೊಟ್ಟು ಬಿಸಿನೀರಿನ ಬಾಟ್ಲಿ ಇಟ್ಟು ಆ ರಾತ್ರಿ ಉಳಿಸಿದ್ವಿ, ಮೂರನೇ ದಿನಕ್ಕ ಮತ್ತ ಹಂಗ ಆತು, ಆಗ ಉಳೀಲಿಲ್ಲ. ಆ ಮನಿ ಹುಡುಗ ಕ್ಲಿನಿಕ್ ಬಾಗಲದಾಗ ಟೊಪ್ಪಿಗಿ ಹಿಡ್ಕೊಂಡು ನಿಂತದ್ದು ನನಗ ಇನ್ನೂ ಕಣ್ಣ ಮುಂದ ಐತಿ.

ಯಾಕ ಹಿಂಗ ಆಗ್ತೈತಿ ಅಂದ್ರ, ಅಷ್ಟ ಸಣ್ಣ ಮೈಯಾಗ ಲಿವರ್ ಎಷ್ಟು ಸಕ್ಕರಿ ಕೂಡಿಡಬೇಕು ಹೇಳ್ರಿ, ಮಾಂಸಖಂಡನೂ ಇಲ್ಲ ಕೊಬ್ಬೂ ಇಲ್ಲ, ಆದ್ರ ಮೆದುಳಿಗೆ ಹೊತ್ತ ಹೊತ್ತಿಗೆ ಸಕ್ಕರಿ ಬೇಕ ಬೇಕು. ಒಂದು ಊಟ ತಪ್ಪಿದ್ರ, ಥಂಡಿ ಹತ್ತಿದ್ರ, ಜಂತಾಗಿ ಭೇದಿ ಹಚ್ಚಿದ್ರ ಒಮ್ಮೆಲೆ ಕುಸೀತೈತಿ. ಅದಕ್ಕ ಟಾಯ್ ಮರಿ ಯಾವುದ ತಂದ್ರೂ ನಾಲ್ಕು ತಿಂಗಳ ತನಕಾ ದಿನಕ್ಕ ನಾಲ್ಕೈದು ಸಲ ತಿನಸ್ರಿ, ಮನ್ಯಾಗ ಜೇನುತುಪ್ಪ ಇಟ್ಟಿರ್ರಿ. ಮರಿ ಮೆತ್ತಗಾಗಿ ತೂರಾಡಾಕತ್ರ ಬೆರಳಿಗೆ ಹಚ್ಚಿ ವಸಡಿಗೆ ತಿಕ್ಕ್ರಿ, ಗಂಟಲಕ್ಕ ಸುರೀಬ್ಯಾಡ್ರಿ ಉಸಿರಿನ ನಳಕ್ಕ ಹೋಗ್ತೈತಿ, ಬೆಚ್ಚಗ ಸುತ್ತಿ ತಡಾ ಮಾಡದ ಡಾಕ್ಟರ್ ಕಡೆ ಓಡ್ರಿ.

ಸಕ್ಕರಿ ಒಂದ ಅಲ್ಲ. ಅತೀ ಸಣ್ಣ ಮರಿಗಳ ನೆತ್ತಿ ಕೂಡಿರೂದಿಲ್ಲ, ಕೂಸಿನ ನೆತ್ತಿ ಇದ್ದಂಗ ಮೆತ್ತಗ ಬಡಕೊಂತ ಇರ್ತೈತಿ, ಚಿವಾವಾದಾಗ ಇದು ಹೆಚ್ಚು, ಒಮ್ಮೊಮ್ಮೆ ಮೆದುಳಿನ್ಯಾಗ ನೀರು ತುಂಬಿರೂದೂ ಇರ್ತೈತಿ. ಮೊಣಕಾಲಿನ ಚಿಪ್ಪು ಜಾರತೈತಿ, ನಾಯಿ ಓಡಿಕೊಂತ ಹ್ವಾದದ್ದು ಒಮ್ಮೆಲೆ ಮೂರು ಕಾಲಿನ ಮ್ಯಾಲ ಕುಂಟಿ ನಾಲ್ಕ ಹೆಜ್ಜಿಗೆ ಮತ್ತ ಸರಿ ಆಗ್ತೈತಿ, ಅದನ್ನ ನೋಡಿ ಮಂದಿ ಆಟ ಅಂತ ನಗ್ತಾರ, ಅದು ಆಟ ಅಲ್ಲ. ಉಸಿರ ನಳ ಮೆತ್ತಗಿರ್ತೈತಿ, ಕೊಳ್ಳಿಗೆ ಪಟ್ಟಾ ಹಾಕಿ ಜಗ್ಗಿದ್ರ ಕೆಮ್ಮು ಶುರು, ಅದಕ್ಕ ಎದಿಗೆ ಹಾಕೋ ಹಾರ್ನೆಸ್ ತಗೋರಿ. ಯಾರ್ಕಿ, ಮಾಲ್ಟೀಸ್‌ನ್ಯಾಗ ಲಿವರಿನ ರಕ್ತನಾಳದ ಹುಟ್ಟು ದೋಷ ಇರ್ತೈತಿ, ಬೆಳವಣಿಗಿ ನಿಂತಿರೂದು ಅದರ ಗುಣಲಕ್ಷಣನೂ ಇರಬಹುದು, ಅಂದ್ರ ಸಣ್ಣ ಐತಿ ಅಂತ ನೀವು ಹೆಚ್ಚಿನ ರೊಕ್ಕ ಕೊಟ್ಟದ್ದು ಒಂದು ಜಡ್ಡಿಗೆ.

ನಿಮ್ಮ ವಿಷಯದಾಗ ಇನ್ನೊಂದು ಹೇಳಲೇಬೇಕು ಅಕ್ಕಾರ. ಮಗಳು ಎರಡನೇ ಇಯತ್ತೆ ಅಂದ್ರಿ. ಏಳೆಂಟು ವರ್ಷದ ಹುಡುಗಿ ಕೈಯಾಗ 1.5 ಕಿಲೋದ ನಾಯಿ ಭಾಳ ನಾಜೂಕು. ಟಾಯ್ ನಾಯಿ ಮುಂಗಾಲಿನ ಎಲುಬು ಪೆನ್ಸಿಲ್ ದಪ್ಪ ಇರ್ತೈತಿ, ಸೋಫಾದಿಂದ ಜಿಗದು, ಹುಡುಗ್ರ ಕೈಯಿಂದ ಜಾರಿ ಮುರಕೊಂಡು ಬರೋವು ನನ್ನ ಕಡೆ ಇರ್ತಾವ, ಎಲುಬು ಸಣ್ಣದಿದ್ದಷ್ಟು ಕೂಡೂದೂ ಕಷ್ಟ. ನನ್ನನ್ನ ಕೇಳಿದ್ರ ನಿಮ್ಮ ಮನಿಗೆ 3 ಕಿಲೋ ಆಗೋ ಮರಿ 1.5 ಆಗೋ ಮರಿಗಿಂತ ಚಲೋ. ಬಲಾ ಇರ್ತೈತಿ, ಆಟಕ್ಕ ತಾಳ್ತೈತಿ, ದವಾಖಾನಿ ಖರ್ಚೂ ಕಡಿಮಿ. ನೀವು ಸಣ್ಣದಕ್ಕ ಆಸೆ ಪಡೋ ಬದ್ಲು ಆ ಸೂಲಿನ್ಯಾಗ ಗಟ್ಟಿಮುಟ್ಟಾಗಿ, ತಾಟಿಗೆ ಎಲ್ಲಾರಕಿಂತ ಮೊದಲ ಓಡಿ ಬರೋ ಮರಿ ಆರಿಸ್ರಿ.

ಮತ್ತ ಒಂದು ಕೆಟ್ಟ ಸಲಹಾ ನಿಮಗೂ ಬರಬಹುದು, ಕಡಿಮಿ ಹಾಕ್ರಿ ಸಣ್ಣ ಉಳೀತೈತಿ ಅಂತ. ಕೆಲವರು ಮಾರುವಾಗ ಚೀಟಿ ಬರದುಕೊಡ್ತಾರ, ದಿನಕ್ಕ ಎರಡು ಚಮಚ ಪುಡಿ ಅಷ್ಟ, ಮತ್ತೇನೂ ಹಾಕಬ್ಯಾಡ್ರಿ ಅಂತ. ಅಕ್ಕಾರ, ಎಲುಬಿನ ಅಳತಿ ಹುಟ್ಟುತ್ತಲೇ ರಕ್ತದಾಗ ಬಂದಿರ್ತೈತಿ, ಉಪಾಸ ಇಟ್ರ ನಾಯಿ ಟೀಕಪ್ ಆಗೂದಿಲ್ಲ, ಜಡ್ಡಿನ ನಾಯಿ ಆಗ್ತೈತಿ. ಹಾಲು-ರೊಟ್ಟಿ, ಗ್ಲುಕೋಸ್ ಬಿಸ್ಕಿಟ್ಟು ಇವೂ ಬೆಳಿಯೋ ಮರಿಗೆ ಸಾಲೂದಿಲ್ಲ, ಸಣ್ಣ ಜಾತಿ ಮರಿಗಂತ ಮಾಡಿದ ಪಪ್ಪಿ ಫುಡ್ ನೆನಸಿ ಹಾಕ್ರಿ, ಬೇಯಿಸಿದ ತತ್ತಿ ಒಂದೀಟು ಕೊಡ್ರಿ. ಉಲ್ಟಾನೂ ಮಾಡಬ್ಯಾಡ್ರಿ, 2.5 ಕಿಲೋ ಇರಬೇಕಾದ ಪಾಮ್ 5 ಆಗೂದು ಒಮ್ಮೊಮ್ಮೆ ಬೆಳವಣಿಗಿ ಅಲ್ಲ, ಬೊಜ್ಜು. ಕೂದಲದ ಒಳಗ ಕೈ ಹಾಕಿ ಪಕ್ಕಲಬು ಸವರ್ರಿ, ಒತ್ತದನ ಎಣಿಸಾಕ ಬಂದ್ರ ಸರಿ ಐತಿ, ಹುಡುಕಬೇಕಾದ್ರ ದಪ್ಪಾಗೇತಿ.

ಮರಿ ಮನಿಗೆ ಬಂದ ಮ್ಯಾಲ ಏನಾಗ್ತೈತಿ ಅಂದ್ರ, ಟಾಯ್ ಜಾತಿ ಭಾಳ ಲಗೂನ ಬೆಳೀತಾವ. ನಾಲ್ಕೈದು ತಿಂಗಳ ತನಕಾ ಜೋರು, ಎತ್ತರ ಆರೆಂಟು ತಿಂಗಳಿಗೆ ಹೆಚ್ಚು ಕಡಿಮಿ ಮುಗೀತೈತಿ, ಮೈ ತುಂಬೂದು ಹತ್ತರಿಂದ ಹನ್ನೆರಡು ತಿಂಗಳ ತನಕಾ. ಪ್ರತಿ ಐತವಾರ ತೂಗಿ ಕ್ಯಾಲೆಂಡರ್ ಮ್ಯಾಲ ಬರೀರಿ. ಅಂಗನವಾಡ್ಯಾಗ ಕೂಸಿನ ತೂಕಾ ಬರಿಯೋ ಕಾರ್ಡಿನ ಮ್ಯಾಲ ಬಾಗಿದ ಗೆರಿ ಇರ್ತಾವಲ್ರಿ, ಹಂಗ ನಾಯಿಮರಿಗೂ ವಾಲ್ಟಮ್ ಅನ್ನೋ ಸಾಕುಪ್ರಾಣಿ ಸಂಶೋಧನಾ ಸಂಸ್ಥೆಯವರು ಮಾಡ್ಯಾರ, 2017ರಿಂದ ಅದಾವ, ಪುಕ್ಕಟೆ ಸಿಗ್ತಾವ, ಎಲ್ಲಾಕಿಂತ ಸಣ್ಣ ಗುಂಪು 6.5 ಕಿಲೋದೊಳಗ ಆಗೋ ನಾಯಿಗಳದ್ದು. ಹನ್ನೆರಡು ವಾರದಿಂದ ಶುರು ಮಾಡಿ ಚುಕ್ಕಿ ಇಡ್ಕೊಂತ ಹೋದ್ರ ನಿಮ್ಮ ಮರಿ ಯಾವ ಗೆರಿ ಹಿಡದೈತಿ ಅಂತ ಕಾಣ್ತೈತಿ, ಗೆರಿ ಬಿಟ್ಟು ಮ್ಯಾಲ ಹ್ವಾದ್ರೂ ಕೆಳಗ ಇಳದ್ರೂ ಡಾಕ್ಟರಿಗೆ ತೋರಸ್ರಿ. ನಾಲ್ಕರಿಂದ ಆರು ತಿಂಗಳಾಗ ಪಾಮ್ ಮರಿ ಕೂದಲಾ ಉದುರಿಸಿ ಕೋತಿ ಮರಿ ಥರಾ ಕಾಣ್ತೈತಿ, ಹೆದರಬ್ಯಾಡ್ರಿ, ಮತ್ತ ಬರ್ತಾವ.

ಬ್ಯಾರೆ ಜಾತಿ ಏನಾರ ನೋಡಾಕತ್ತಿದ್ರ ದೊಡ್ಡದಾದ ಮ್ಯಾಲಿನ ತೂಕಾ ಹೇಳಿಬಿಡ್ತೀನಿ. ಶಿಟ್ಜು 4.5ರಿಂದ 8 ಕಿಲೋ, ಪಗ್ 6ರಿಂದ 8, ಮಾಲ್ಟೀಸ್ 3ರಿಂದ 4, ಯಾರ್ಕಿ 3.2ರೊಳಗ, ಚಿವಾವಾ 3ರೊಳಗ. ಪಗ್ಗು ಶಿಟ್ಜು ಮೂಗು ಚಪ್ಪಟಿ, ಗದಗಿನ ಏಪ್ರಿಲ್ ಮೇ ಬಿಸಿಲಾಗ ಎರಡನೇ ಮಾಳಿಗಿ ಶೀಟಿನ ಕೆಳಗ ಅವಕ್ಕ ಜೀವಾ ಹೋದಂಗ ಆಗ್ತೈತಿ, ಕೂಲರ್ ಇಲ್ಲದ ಮನ್ಯಾಗ ಬ್ಯಾಡ.

ಮಾಲಕರ ಮಾತು. ಸಣ್ಣ ನಾಯಿ ಅಂದ್ರ ಅವರ ಮನಸ್ಸಿನ್ಯಾಗ ಎಷ್ಟು ಸಣ್ಣದು ಅಂತ ಈಗ ಕೇಳಿ ಇಟ್ಕೋರಿ, ಐದು ಕಿಲೋ ತನಕಾ ಆಗಬಹುದ್ರಿ ಅಂತ ಬಾಯಿಬಿಟ್ಟ ಹೇಳ್ರಿ. ನನ್ನ ಅನುಭವದಾಗ ಬಾಡಗಿ ಮನ್ಯಾಗ ಜಗಳಾ ಆಗೂದು ನಾಯಿ ಸೈಜಿಗೆ ಅಲ್ಲ, ಬೊಗಳೂದಕ್ಕ. ಎರಡು ಕಿಲೋದ ಪಾಮ್ ಹತ್ತು ಕಿಲೋದ ನಾಯಿಕಿಂತ ಹೆಚ್ಚು ಒದರತೈತಿ, ಅದನ್ನೂ ಹೇಳಿಬಿಡ್ರಿ. ಮನಿಯವರು ಕೂತು ಒಂದ ಪ್ರಶ್ನೆ ಕೇಳ್ಕೋರಿ, ಇದು 5 ಕಿಲೋ ಆದ್ರೂ ನಾವು ಇಟ್ಕೋತೀವೇನು? ಉತ್ತರ ಹೌದು ಅಂದ್ರ ಮಾತ್ರ ಹೊರಡ್ರಿ. ದೊಡ್ಡದಾತು ಅಂತ ಉಣಕಲ್ ಕೆರಿ ದಂಡಿ ಮ್ಯಾಲ ಬಿಟ್ಟು ಹ್ವಾದ ಸ್ಪಿಟ್ಜ್‌ಗಳನ್ನ ನಾನು ಚಿಕಿತ್ಸೆ ಮಾಡೇನಿ, ಕೊಳ್ಳಾಗ ಪಟ್ಟಾ ಇನ್ನೂ ಇರ್ತೈತಿ ಅವಕ್ಕ.

ಇನ್ನ ಆ ಮರಿ ನೋಡಾಕ ಮತ್ತ ಹೋಗೂದಿದ್ರ ಅಡಗಿಮನಿ ಡಿಜಿಟಲ್ ತಕ್ಕಡಿ ಚೀಲದಾಗ ಹಾಕ್ಕೊಂಡು ಹೋಗ್ರಿ, ಒಂದು ಸ್ಟೀಲ್ ಬೋಗಾಣಿನೂ ಒಯ್ರಿ, ಅದನ್ನಿಟ್ಟು ಸೊನ್ನೆ ಮಾಡಿ ಮರೀನ ಅದರಾಗ ಕುಂದ್ರಿಸಿ ನೀವ ತೂಗ್ರಿ. ಬಾಯಿ ತಗದು ದವಡಿ ಹಲ್ಲು ನೋಡ್ರಿ. ಅವ್ವನ್ನ ತೋರಸ್ರಿ ಅನ್ರಿ. ರೊಕ್ಕ ಅವತ್ತ ಕೊಡಬ್ಯಾಡ್ರಿ, ಹತ್ತು ದಿನ ಬಿಟ್ಟು ಮತ್ತ ಹೋಗಿ ಅದ ಬೋಗಾಣ್ಯಾಗ ಇನ್ನೊಮ್ಮೆ ತೂಗ್ರಿ, ಎರಡು ತೂಕಾ ಇದ್ರ ನನ್ನಂಥವರಿಗೂ ಅಂದಾಜು ಹೇಳಾಕ ಅನುಕೂಲ, ಆರೋಗ್ಯ ಇದ್ದ ಮರಿ ಅಷ್ಟರಾಗ ಕಣ್ಣಿಗೆ ಕಾಣೂವಂಗ ಏರಿರ್ತೈತಿ. ಅಷ್ಟ ದಿನ ಕಾಯೂದಿಲ್ಲ, ಬ್ಯಾರೆ ಪಾರ್ಟಿ ಐತಿ ಅಂದ್ರ ಬಿಟ್ಟು ಬರ್ರಿ. ಗದಗದಾಗ ಪಶು ವೈದ್ಯಕೀಯ ಕಾಲೇಜ್ ಐತಿ, ಮರಿ ತಗೊಂಡ್ರ ಮನಿಗೆ ಹೋಗೂಕಿಂತ ಮೊದಲ ಅಲ್ಲಿ ಇಲ್ಲಾ ನಿಮ್ಮ ಡಾಕ್ಟರ್ ಕಡೆ ಒಮ್ಮೆ ತೋರಿಸಿ, ಎದಿ, ನೆತ್ತಿ, ಮೊಣಕಾಲು ಮೂರೂ ನೋಡಿಸ್ಕೋರಿ. ತೂಕಾ, ತಾರೀಖು, ಅವ್ವನ ತೂಕಾ ಬರದು ಕಳಸ್ರಿ, ಲೆಕ್ಕ ಹಾಕಿ ಹೇಳ್ತೀನಿ.